ಆಟದ ಸಾಹೇಬರು

ಕಳೆದ ತಿಂಗಳು ನನ್ನ ಅಂಗಡಿಯ ಇ-ಮೇಲಿಗೆ ಫ್ರಾನ್ಸಿನಿಂದ ಒಂದು ಪತ್ರ ಬಂತು. ನನ್ನದು ಗಂಗಾವತಿಯಲ್ಲಿ ಟೈಪಿಂಗ್, ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಪಹಣಿ, ಜಾತಿ ಪ್ರಮಾಣಪತ್ರ, ಜಾಮೀನು ಅರ್ಜಿಗಳ ನಡುವೆ ಫ್ರಾನ್ಸಿನ ಪತ್ರ ಬಂದರೆ ಯಾರಾದರೂ ಅದನ್ನು ಮೋಸದ ಪತ್ರವೆಂದೇ ತಿಳಿಯುತ್ತಾರೆ. ನಾನೂ ಅಳಿಸಿಹಾಕುವವನಿದ್ದೆ. ಆದರೆ ಕೆಳಗೊಂದು ಫೋಟೊ ಇತ್ತು. ಹಳೆಯ ಲ್ಯಾಪ್‌ಟಾಪಿನ ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದ ಕನ್ನಡ: "ಬಂದಂಥವರು ಧಾರು? ತಮ್ಮ ನಾಮಾಂಕಿತವೇನು? ಈ ಸಭೆಗೆ ಬಂದ ಕಾರಣವೇನು?"

ಆ ಮೂರು ಸಾಲು ಟೈಪ್ ಮಾಡಿದವನು ನಾನೇ.

ಪತ್ರ ಬರೆದವರು ಆಟದ ಸಾಹೇಬರ ತಂಗಿ. "ನನ್ನ ಅಣ್ಣ ತೀರಿಕೊಂಡ. ಕೊನೆಯ ವಾರಗಳಲ್ಲಿ ಇದನ್ನೇ ಮುಂದಿಟ್ಟುಕೊಂಡು ಕೂತಿರುತ್ತಿದ್ದ. ಇದು ಯಾವ ಲಿಪಿ ಎಂಬುದೂ ನಮಗೆ ಗೊತ್ತಿಲ್ಲ. ಏನೋ ಕೇಳುತ್ತಿರುವಂತೆ ಕಾಣುತ್ತದೆ. ನಾವು ಏನು ಉತ್ತರ ಕೊಡಬೇಕು?" ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಮೂರು ಸಾಲಿನ ಅರ್ಥ ಹೇಳಲು ನನಗೆ ಎರಡು ನಿಮಿಷ ಸಾಕು. ಆದರೂ ನಾಳೆ ಬರೆದರಾಯಿತು, ನಾಡಿದ್ದು ಬರೆದರಾಯಿತು ಎಂದು ತಿಂಗಳು ತಳ್ಳಿದ್ದೇನೆ. ಅರ್ಥ ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕಾಗುತ್ತದಲ್ಲ, ಅದಕ್ಕೆ ಕೈ ಏಳುತ್ತಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ನಾಲಿಗೆಗೆ ಅದು ಹೊರಳುವುದಿಲ್ಲ. ಆನೆಗೊಂದಿಯಲ್ಲಿ ಅವರು ಒಂಬತ್ತು ವರ್ಷ ಇದ್ದರು. ಆ ಒಂಬತ್ತು ವರ್ಷದಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಆಟದ ಸಾಹೇಬರು ಅಂದರೆ ಬಸ್ ಕಂಡಕ್ಟರನಿಗೂ ಗೊತ್ತು.

ಮೊದಲ ಸಲ ಅಂಗಡಿಗೆ ಬಂದದ್ದು ಪಾಸ್‌ಪೋರ್ಟಿನ ಝೆರಾಕ್ಸಿಗೆ. ಅರವತ್ತು ದಾಟಿದ ವಯಸ್ಸು, ಉದ್ದನೆಯ ಮೈಕಟ್ಟು, ಬಿಸಿಲಿಗೆ ಸುಟ್ಟ ಕೆಂಪು ಮೂಗು. ಸೊಂಟಕ್ಕೆ ಸುತ್ತಿದ ಲುಂಗಿ ಈಗ ಬಿದ್ದೀತು, ಆಗ ಬಿದ್ದೀತು ಎನ್ನುವ ಹಾಗೆ ಇರುತ್ತಿತ್ತು. "ನಮಸ್ಕಾರ್ರಿ. ಒಂದು ಝೆರಾಕ್ಸ್ರಿ. ಎರಡೂ ಕಡಿರಿ" ಎಂದರು. ಆನೆಗೊಂದಿಯಲ್ಲಿ ಕೇಳಿ ಕೇಳಿ ಕಲಿತ ಕನ್ನಡ. ಎಲ್ಲರೂ ಎಲ್ಲದಕ್ಕೂ 'ರಿ' ಹಚ್ಚುವುದನ್ನು ನೋಡಿ, ಅದು ಪ್ರತಿ ಶಬ್ದದ ಬಾಲ ಎಂದೇ ತಿಳಿದಿದ್ದರು. ಅಂಗಡಿಯ ಮೆಟ್ಟಿಲ ಮೇಲೆ ಮಲಗಿದ ನಾಯಿಗೂ "ಸ್ವಲ್ಪ ಸರೀರಿ" ಎಂದರು. ನಾನು ನಗು ತಡೆಯಲಾರದೆ, "ಸಾಹೇಬ್ರ, ನಾಯಿಗೆಲ್ಲಾ 'ರಿ' ಹಚ್ಚಬಾರದ್ರಿ" ಎಂದೆ.

"ಯಾಕ್ರಿ? ಅವರಿಗೆ ಸಿಟ್ಟ ಬರತೈತೇನ್ರಿ?"

ನಾಯಿ ಎದ್ದು ಸರಿದು ಜಾಗ ಕೊಟ್ಟಿತ್ತು. ನಾನು ಬೈದರೂ ಏಳದ ನಾಯಿ ಅದು.

ಝೆರಾಕ್ಸ್ ಆದ ಮೇಲೂ ಅವರು ಹೋಗಲಿಲ್ಲ. ನಾನು ಯಾರದೋ ಹೊಲದ ಅರ್ಜಿ ಟೈಪ್ ಮಾಡುತ್ತಿದ್ದೆ; ನನ್ನ ಬೆರಳುಗಳನ್ನೇ ನೋಡುತ್ತ ನಿಂತರು. ಆಮೇಲೆ ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ, ನಮ್ಮಿಬ್ಬರದೂ ಒಂದೇ ಕಸುಬು ಎಂದರು. ಮೂವತ್ತು ವರ್ಷದ ಹಿಂದೆ ಅವರ ದೇಶದಲ್ಲಿ ಮನೆಯಲ್ಲಿಡುವ ಪುಟ್ಟ ಕಂಪ್ಯೂಟರು ಆಗಷ್ಟೇ ಬಂದಿತ್ತಂತೆ. ಟಿವಿಗೆ ಜೋಡಿಸಬೇಕು, ಒತ್ತಲು ರಬ್ಬರಿನ ಕೀಲಿಗಳು. ಅದರಲ್ಲಿ ಆಡುವ ಆಟಗಳನ್ನು ಇವರು ಬರೆಯುತ್ತಿದ್ದರಂತೆ. ಆಟವನ್ನು ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ತುಂಬಿಡುವುದು. ಹಾಕಿದರೆ ಕಾಲು ತಾಸು ಕೀಂಗುಟ್ಟಿ, ಕರ್ರೆಂದು, ಆಮೇಲೆ ಶುರುವಾಗುವುದು. ಅದರ ಮನಸ್ಸಿಗೆ ಬರದಿದ್ದರೆ ಶುರುವೇ ಆಗದು. ಪತ್ರಿಕೆಗಳವರು ಆಟದ ಪ್ರೋಗ್ರಾಮನ್ನು ಪುಟಗಟ್ಟಲೆ ಅಚ್ಚು ಹಾಕುತ್ತಿದ್ದರಂತೆ. ಓದುಗರು ಅದನ್ನು ನೋಡಿಕೊಂಡು ಮನೆಯಲ್ಲಿ ಒಂದೊಂದೇ ಅಕ್ಷರ ಟೈಪ್ ಮಾಡಬೇಕು.

"ಒಂದು ಕಾಮಾ ತಪ್ಪಿದ್ರ ಒಂದು ರವಿವಾರ ಹೋತ್ರಿ" ಎಂದರು.

"ನಮ್ಮಲ್ಲಿ ಒಂದು ಕಾಮಾ ತಪ್ಪಿದ್ರ ಹೊಲಾನ ಹೋಗತೈತ್ರಿ ಸಾಹೇಬ್ರ" ಎಂದೆ.

ಬಿದ್ದುಬಿದ್ದು ನಕ್ಕರು. ಅಂದಿನಿಂದ ಗಂಗಾವತಿಗೆ ಬಂದಾಗಲೆಲ್ಲ ಅಂಗಡಿಗೆ ಬರುವುದು, ಇಬ್ಬರೂ ಮೂಲೆಯ ಹೋಟೆಲಿಗೆ ಹೋಗಿ ಒಗ್ಗರಣಿ-ಮಿರ್ಚಿ ತಿನ್ನುವುದು ರೂಢಿಯಾಯಿತು. ಮಿರ್ಚಿಯ ಖಾರಕ್ಕೆ ಕಣ್ಣೀರು ಸುರಿಸುತ್ತಲೇ "ಛಲೋ ಐತ್ರಿ, ಇನ್ನೊಂದ್ರಿ" ಎನ್ನುವರು.

ಆನೆಗೊಂದಿಯಲ್ಲಿ ಅವರಿಗೆ ಮನೆ ಕೊಟ್ಟವರು ಬಯಲಾಟದ ಮಾಸ್ತರು. ಆಗಲೇ ಎಪ್ಪತ್ತರ ಮೇಲೆ ವಯಸ್ಸು. ಸುತ್ತಲಿನ ಹಳ್ಳಿಗಳಿಗೆ ಆಟ ಕಲಿಸಿಯೇ ಮುದುಕರಾದವರು. ಹೊರಗಿನ ಕೋಣೆ ಬಾಡಿಗೆಗೆ ಕೊಡುವ ಮೊದಲು, ಬಂದವರು ಎಂಥವರೋ ಏನೋ ಎಂದು ವಿಚಾರಿಸಿದರಂತೆ. ಆ ಮಾತುಕತೆಯನ್ನು ಇಬ್ಬರ ಬಾಯಿಂದಲೂ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

"ನಿಮ್ಮ ದೇಶದಾಗ ಏನ್ ಮಾಡ್ತಿದ್ರಿ?"

"ಆಟ ಮಾಡ್ತಿದ್ನ್ರಿ."

"ಹೌದಾ? ಸಣ್ಣಾಟೋ, ದೊಡ್ಡಾಟೋ?"

ಸಣ್ಣಾಟ, ದೊಡ್ಡಾಟ ಎಂದರೆ ನಮ್ಮ ಕಡೆ ಎರಡು ಬಗೆಯ ಬಯಲಾಟ. ಸಾಹೇಬರಿಗೆ ಅದೇನು ಗೊತ್ತು? ಪ್ರೋಗ್ರಾಮು ಸಣ್ಣದೋ ದೊಡ್ಡದೋ ಎಂದು ಕೇಳುತ್ತಿದ್ದಾರೆ ಎಂದುಕೊಂಡು, "ಮೊದಲ ಸಣ್ಣಾಟ್ರಿ. ಆಮ್ಯಾಲ ದೊಡ್ಡಾಟ" ಎಂದರು.

"ಎಷ್ಟು ಮಂದಿ ಇದ್ರಿ ನಿಮ್ಮ ಮ್ಯಾಳದಾಗ?"

"ಮೂರ ಮಂದಿ."

"ಮೂರ ಮಂದ್ಯಾಗ ದೊಡ್ಡಾಟಾ! ಭಾಳ ಕಷ್ಟ ಬಿಡ್ರಿ."

"ಹೌದ್ರಿ. ಭಾಳ ಕಷ್ಟ ಆತ್ರಿ."

ಮಾಸ್ತರು ಅಲ್ಲೇ ಕೀಲಿ ಕೈಗಿಟ್ಟರು. ಕಲಾವಿದರಿಗೆ ಮುಂಗಡ ಕೇಳುವುದು ತಮ್ಮ ಮನೆತನಕ್ಕೆ ಒಪ್ಪುವುದಿಲ್ಲ ಎಂದರಂತೆ. ಊರಿಗೆಲ್ಲ, ಪರದೇಶದ ದೊಡ್ಡಾಟದ ಮಾಸ್ತರು ಬಂದಿದ್ದಾರೆ ಎಂದು ಸಾರಿದರು. ಒಂದು ತಿಂಗಳು ಆ ತಪ್ಪು ಹಾಗೇ ನಡೆಯಿತು.

ಆ ತಪ್ಪು ಬಯಲಾದದ್ದು ಒಂದು ಸಂಜೆಯ ತಾಲೀಮಿನಲ್ಲಿ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎಂಬವನು ಎದುರಾಗಿ, ತಾವು ಧಾರು, ಅಂದರೆ ಯಾರು, ನಾಮಾಂಕಿತವೇನು, ಬಂದ ಕಾರಣವೇನು ಎಂದು ಕೇಳುತ್ತಾನೆ. ಪಾತ್ರ ಹೇಳಿದರೆ ಆಟ ಮುಂದಕ್ಕೆ. ಹೇಳದಿದ್ದರೆ ಸಾರಥಿ ಬಿಡುವುದಿಲ್ಲ. ಮೂಲೆಯಲ್ಲಿ ಕೂತಿದ್ದ ಸಾಹೇಬರು ಇದನ್ನು ಕೇಳಿ ಎದ್ದು ನಿಂತರಂತೆ. ಲುಂಗಿ ಜಾರಿದ್ದೂ ಗೊತ್ತಾಗಲಿಲ್ಲವಂತೆ. ಕೋಣೆಗೆ ಓಡಿ ಲ್ಯಾಪ್‌ಟಾಪ್ ತಂದು, ತಮ್ಮ ಹಳೆಯ ಆಟವೊಂದನ್ನು ತೆರೆದು ಮಾಸ್ತರ ಮುಂದಿಟ್ಟರು. ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು: ನೀನು ಯಾರು? ಈಗೇನು ಮಾಡುತ್ತೀ? ಆಡುವವನು ಮಾತಿನಲ್ಲೇ ಉತ್ತರ ಟೈಪ್ ಮಾಡಬೇಕು, ಕಂಪ್ಯೂಟರು ತಿರುಗಿ ಮಾತಾಡುತ್ತದೆ.

ಮಾಸ್ತರು ಬಹಳ ಹೊತ್ತು ನೋಡಿ, "ಇದು ಆಟಾನ ಐತಿ. ಬರೇ ಸಾರಥಿ ಪೆಟಗಿಯಾಗ ಕುಂತಾನ" ಎಂದರು.

ಇದನ್ನು ಸಾಹೇಬರು ನನಗೆ ಎಷ್ಟೋ ಸಲ ಹೇಳಿದರು. ಅವರ ದೇಶದಲ್ಲಿ ಯಾರೂ ಹಾಗೆ ಹೇಳಿರಲಿಲ್ಲವಂತೆ. ಶುರುವಿನಲ್ಲಿ ಅಡುಗೆಮನೆಯ ಮೇಜಿನ ಮುಂದೆ ಇದ್ದವರು ಮೂವರು: ಸಾಲಿಯಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದ ಇವರು, ರೇಡಿಯೋಗೆ ನಾಟಕ ಬರೆಯುತ್ತಿದ್ದ ಒಬ್ಬ ಹೆಣ್ಣುಮಗಳು, ಗಣಿತ ಓದಿದ ಒಬ್ಬ ಗೆಳೆಯ. "ಆಟ ಅಂದ್ರ ಹಿಂಗ ಇರಬೇಕು ಅಂತ ಹೇಳವ್ರು ಯಾರೂ ಇರಲಿಲ್ರಿ. ಅದಕ್ಕ ಹುಚ್ಚುಹುಚ್ಚ ಮಾಡಿದ್ವಿ" ಎನ್ನುತ್ತಿದ್ದರು. ಒಂದು ಆಟದಲ್ಲಿ ನೀವು ರೈಲು ಸ್ಟೇಶನ್ನಿನಲ್ಲಿ ಯಾರಿಗೋ ಕಾಯುವ ಹೆಂಗಸು. ಹೊಡೆಯುವುದಿಲ್ಲ, ಓಡುವುದಿಲ್ಲ, ಅಲ್ಲಿದ್ದವರ ಜೊತೆ ಮಾತಾಡುವುದಷ್ಟೇ. ಗೆಲ್ಲುವುದು ಹೇಗೆ ಎಂದು ಕೇಳಿ ಜನ ಸಿಟ್ಟಿನ ಪತ್ರ ಬರೆದರಂತೆ. ಇನ್ನೊಂದು ಆಟಕ್ಕೆ ಮಾನಾಪಮಾನ ಹೆಚ್ಚು. ಬೈಗುಳ ಟೈಪ್ ಮಾಡಿದರೆ ಬಾಯಿ ಮುಚ್ಚಿಕೊಂಡು ಕೂರುವುದು. ಕ್ಷಮೆ ಕೇಳುವ ತನಕ ಒಂದಕ್ಷರ ಆಡದು. ಅವರಷ್ಟೇ ಅಲ್ಲ, ಆಗ ಅಲ್ಲಿ ಇಂಥ ಅಡುಗೆಮನೆಗಳು ಬಹಳ ಇದ್ದವಂತೆ. ಯಾರೋ ತತ್ವಜ್ಞಾನವನ್ನು ಆಟ ಮಾಡಿದರು, ಯಾರೋ ಪತ್ತೇದಾರಿ ಕಾದಂಬರಿಯನ್ನು. ಸರ್ಕಾರ ಸಾಲಿಸಾಲಿಗೂ ಕಂಪ್ಯೂಟರು ಕೊಡಿಸಿದಾಗ ಇನ್ನೇನು ನಮ್ಮ ಕಾಲ ಬಂತು ಎಂದು ಇವರು ಕುಣಿದರಂತೆ.

"ಆಮ್ಯಾಲ ಏನಾತ್ರಿ?" ಎಂದೆ.

"ಆಮ್ಯಾಲ ಆಟ ಅಂದ್ರ ಏನು ಅಂತ ಎಲ್ಲಾರಿಗೂ ಗೊತ್ತಾತ್ರಿ."

ಬಂದೂಕು, ಕಾರು, ಓಟ, ಬಣ್ಣ ಬಂದವು. ಹೊರದೇಶದ ದೊಡ್ಡ ಕಂಪನಿಗಳ ಆಟಗಳು ಅಂಗಡಿ ತುಂಬಿದವು. ಜಾಣರು ತಾವೂ ಕಂಪನಿ ಕಟ್ಟಿ ದೊಡ್ಡವರಾದರು. ಗಣಿತದ ಗೆಳೆಯ ಬ್ಯಾಂಕು ಸೇರಿದ. ರೇಡಿಯೋದ ಹೆಣ್ಣುಮಗಳು ಹಾಸಿಗೆ ಹಿಡಿದು ತೀರಿಕೊಂಡಳು. ಆಕೆಯ ಬಗ್ಗೆ ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಇವರು ಪಿಂಚಣಿ ಬರುವ ತನಕ ಚಿತ್ರ ಕಲಿಸಿ, ಆಮೇಲೆ ಹಂಪಿ ನೋಡಲು ಬಂದವರು, ಹೊಳೆ ದಾಟಿ ಆನೆಗೊಂದಿಗೆ ಬಂದು ಅಲ್ಲೇ ಉಳಿದರು.

ಉಳಿಯಲು ಕಾರಣ ಮಾಸ್ತರು. ಇಬ್ಬರೂ ಸೇರಿ ಕನ್ನಡದಲ್ಲಿ ಒಂದು ಆಟ ಶುರುಮಾಡಿದರು. ಲ್ಯಾಪ್‌ಟಾಪೇ ಸಾರಥಿ. ಆಡುವವರು ಯಾವ ಪಾತ್ರವಾಗಿಯಾದರೂ ಬರಬಹುದು. ರಾಜನಾಗಿ ಬಂದರೆ ಒಂದು ಕಥೆ, ಸೇವಕನಾಗಿ ಬಂದರೆ ಇನ್ನೊಂದು. ಮಾಸ್ತರಿಗೆ ಹತ್ತಾರು ಆಟಗಳು ಬಾಯಿಪಾಠ. ಬರೆದಿಟ್ಟದ್ದು ಒಂದೂ ಇಲ್ಲ. ಅವರು ಹೇಳಬೇಕು, ಯಾರಾದರೂ ಕನ್ನಡದಲ್ಲಿ ಟೈಪ್ ಮಾಡಬೇಕು, ಸಾಹೇಬರು ಅದನ್ನು ಪ್ರೋಗ್ರಾಮಿಗೆ ಹೊಂದಿಸಬೇಕು. ಆ 'ಯಾರಾದರೂ' ನಾನಾದೆ. ರವಿವಾರ ಬೆಳಿಗ್ಗೆ ಅಂಗಡಿಗೆ ಬಾಗಿಲು ಹಾಕಿ ಆನೆಗೊಂದಿಯ ಬಸ್ಸು ಹಿಡಿಯುವುದು ನನ್ನ ಪಾಲಿನ ವ್ರತವಾಯಿತು. ಶನಿವಾರ, ರವಿವಾರ ಹನುಮನಹಳ್ಳಿಯ ಬೆಟ್ಟ ಹತ್ತುವ ಭಕ್ತರ ಗದ್ದಲದಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ತಪ್ಪಿಸಲಿಲ್ಲ. ನನ್ನ ಹೆಂಡತಿ, "ಸರ್ಕಾರಿ ನೌಕ್ರಿಗೂ ಯಾರೂ ಇಷ್ಟ ನೆಟ್ಟಗ ಹೋಗೂದಿಲ್ಲ" ಎನ್ನುತ್ತಿದ್ದಳು.

ಖರೆ ಹೇಳಬೇಕೆಂದರೆ, ಬದುಕಿನಲ್ಲಿ ನಾನು ಟೈಪ್ ಮಾಡಿದ್ದೆಲ್ಲ ಮಂದಿಯ ತಾಪತ್ರಯ. ಮೊದಲ ಸಲ ರಾಜರಾಣಿಯರ ಮಾತು ಟೈಪ್ ಮಾಡುತ್ತಿದ್ದೆ. ಒಂದು ರವಿವಾರ ಮಾಸ್ತರು ಹೇಳುತ್ತ, ನಾನು ಬಡಿಯುತ್ತ, ಸಾಹೇಬರು ಪಕ್ಕದಲ್ಲಿ ಏನೋ ಗೀಚುತ್ತ ಕೂತಿದ್ದೆವು. ಸಾಹೇಬರು ತಟ್ಟನೆ ತಲೆ ಎತ್ತಿ, "ಮತ್ತ ಮೂರ ಮಂದಿ ಆದ್ವಿರಿ" ಎಂದರು. ಕಣ್ಣು ಒರೆಸಿಕೊಂಡರು. ಆ ದಿನ ಯಾರೂ ಮಿರ್ಚಿ ತಿಂದಿರಲಿಲ್ಲ.

ಮೂರು ವರ್ಷದ ಹಿಂದೆ ಅವರು ಇಲ್ಲಿ ಇರುವ ಪರವಾನಗಿ ಮುಗಿಯಲು ಬಂತು. ಅದುವರೆಗೆ ಪ್ರತಿ ಸಲ ಹೇಗೋ ಮುಂದುವರಿದಿತ್ತು. ಈ ಸಲ, ಇಷ್ಟು ವರ್ಷ ಇಲ್ಲೇನು ಮಾಡುತ್ತೀರಿ ಎಂದು ಸ್ಥಳೀಯವಾಗಿ ವಿಚಾರಣೆ ಆಗಬೇಕಿತ್ತು. ಅದಕ್ಕೆ ಕನ್ನಡದಲ್ಲಿ ಒಂದು ವಿವರಣೆ ಪತ್ರ ಬೇಕೆಂದರು. ಯಾವ ಕಚೇರಿ ಎಂದು ಇಲ್ಲಿ ಹೇಳುವುದಿಲ್ಲ. ಅವರ ತಪ್ಪೇನೂ ಇರಲಿಲ್ಲ, ಸುಮ್ಮನೆ ಅವರ ಮೇಲೆ ಯಾಕೆ ಹೊರಿಸಲಿ? ನನ್ನ ಅಂಗಡಿಯ ಎದುರಿಗಿದ್ದ ಕಚೇರಿ ಎಂದಷ್ಟು ತಿಳಿದರೆ ಸಾಕು. ಮಾಸ್ತರಿಗೆ ಎಂಬತ್ತಾಗಿತ್ತು. ಒಂದು ವಾರ ನೆನಪಿದ್ದ ಪದ್ಯ ಮುಂದಿನ ವಾರ ತಪ್ಪುತ್ತಿತ್ತು. ಇನ್ನೊಂದು ವರ್ಷ ಸಿಕ್ಕರೆ ಆಟ ಮುಗಿಯುತ್ತದೆ. ಸಿಗದಿದ್ದರೆ ಅದು ಎಂದಿಗೂ ಮುಗಿಯುವುದಿಲ್ಲ ಎಂಬುದು ನಮಗೆ ಮೂವರಿಗೂ ಗೊತ್ತಿತ್ತು.

"ಆಟ ಬರಿಯವ್ರು ಅಂತ ಬರಿಯೋ ತಮ್ಮಾ" ಎಂದರು ಮಾಸ್ತರು. "ಅಷ್ಟ ಸಾಕು."

ನಾನು ಒಪ್ಪಲಿಲ್ಲ. ಇಪ್ಪತ್ತೈದು ವರ್ಷ ಕಚೇರಿಗಳ ಎದುರು ಕೂತು ಅರ್ಜಿ ಬಡಿದವನು ನಾನು. ಪರದೇಶದವರ ಕಾಗದದಲ್ಲಿ 'ಬರೆಯುವವರು' ಅಂತ ಬಂದರೆ ಪತ್ರಕರ್ತರೇನೋ ಎಂದು ಅನುಮಾನ ಬಂದೀತು, ಇಲ್ಲದ ಪ್ರಶ್ನೆ ಎದ್ದೀತು ಎಂದು ನನ್ನ ಬುದ್ಧಿ ಓಡಿತು. "ನಿಮಗ ಆಫೀಸಿನ ಭಾಷಾ ಗೊತ್ತಿಲ್ರಿ ಮಾಸ್ತರ, ನನಗ ಬಿಡ್ರಿ" ಎಂದೆ. ಬಿಟ್ಟರು. ಸಾಹೇಬರಂತೂ ನನ್ನ ಮೇಲೆ ಪೂರ್ತಿ ಭಾರ ಹಾಕಿ ಸಹಿ ಮಾಡಿದರು. ಅವರಿಗೆ ಕನ್ನಡ ಮಾತು ಬರುತ್ತಿತ್ತೇ ಹೊರತು ಅಕ್ಷರ ಅಷ್ಟಾಗಿ ಬರುತ್ತಿರಲಿಲ್ಲ.

ನಾನು ಬಡಿದ ಸಾಲುಗಳು ಇವು: "ಸದರಿ ಅರ್ಜಿದಾರರು ತಮ್ಮ ದೇಶದಲ್ಲಿ ಅನೇಕ ವರ್ಷಗಳ ಕಾಲ ಆಟ ಆಡಿಸಿಕೊಂಡು ಬಂದಿರುತ್ತಾರೆ. ಹಾಲಿ ಆನೆಗೊಂದಿ ಗ್ರಾಮದಲ್ಲಿಯೂ ಜನರನ್ನು ಸೇರಿಸಿಕೊಂಡು ಆಟ ಆಡಿಸುತ್ತಿದ್ದು, ಇನ್ನೂ ಒಂದು ವರ್ಷ ಸದರಿ ಆಟ ನಡೆಸಬೇಕಾಗಿರುತ್ತದೆ."

ಎರಡು ಸಲ ಓದಿದೆ. ಬರೋಬ್ಬರಿ ಕೂತಿದೆ ಎಂದು ಹೆಮ್ಮೆಯಾಯಿತು. ಊರ ಮಂದಿಗೆ ಆಟ ಆಡಿಸುವುದು ಎಂದರೆ ಬಯಲಾಟ ಆಡಿಸುವುದು. ಕಚೇರಿಯ ಕಾಗದದಲ್ಲಿ ಆಟ ಆಡಿಸುವುದು ಎಂದರೆ ಇಸ್ಪೀಟು, ಅಂದರ್-ಬಾಹರ್, ಜೂಜು. ಇದು ಗೊತ್ತಿಲ್ಲದ ಮನುಷ್ಯ ನಾನಲ್ಲ. 'ಜನರನ್ನು ಸೇರಿಸಿಕೊಂಡು ಆಟ ಆಡಿಸುತ್ತಿದ್ದಾರೆಂಬ ಆರೋಪ' ಎಂದು ನನ್ನ ಕೈಯಾರೆ ಎಷ್ಟು ಜಾಮೀನು ಅರ್ಜಿ ಬಡಿದಿದ್ದೇನೆ! ಬೆರಳುಗಳಿಗೆ ಆ ಸಾಲು ಎಷ್ಟು ರೂಢಿಯಾಗಿತ್ತೆಂದರೆ ಅದೇ ತಾನಾಗಿ ಬಂದು ಕೂತಿತು.

ವಿಚಾರಣೆಗೆ ಕಚೇರಿಯಿಂದ ಮಾಸ್ತರಿಗೆ ಫೋನು ಬಂತಂತೆ. ನಿಮ್ಮ ಮನೆಯಲ್ಲಿ ಆಟ ನಡೆಯುವುದು ಖರೆಯೇ ಎಂದು ಕೇಳಿದ್ದಾರೆ. ಕಿವಿ ಮಂದವಾದ ಮಾಸ್ತರು, ಕಚೇರಿಯವರೂ ಆಟದ ಬಗ್ಗೆ ಕೇಳುವ ಕಾಲ ಬಂತಲ್ಲ ಎಂದು ಉಬ್ಬಿ, "ಹೌದ್ರಿ, ದಿನಾ ಸಂಜಿಕ ಐತ್ರಿ! ಭಾಳ ಮಂದಿ ಕೂಡತಾರ. ನೀವೂ ಬರ್ರಿ, ಚಹಾ ಮಾಡಸ್ತೀನಿ" ಎಂದು ಕರೆದೂಬಿಟ್ಟಿದ್ದಾರೆ. ಇದನ್ನು ಅವರು ರವಿವಾರ ನನಗೆ ಖುಷಿಯಿಂದ ಹೇಳಿದರು. ನಾನು ಬಡಿದ ಸಾಲು ಕಣ್ಣ ಮುಂದೆ ಬಂತು. ತಪ್ಪು ಎಲ್ಲಾಗಿದೆ ಎಂದು ಆ ಕ್ಷಣವೇ ಗೊತ್ತಾಯಿತು. ಆದರೂ ಸುಮ್ಮನೆ ಕೂತು ಆ ದಿನದ ಪುಟ ಮುಗಿಸಿ ಬಂದೆ.

ಮರುವಾರ ಸಾಹೇಬರನ್ನು ಕಚೇರಿಗೆ ಕರೆಸಿದರು. ಅವರು ಒಳಗೆ ಹೋಗುವುದನ್ನು ನನ್ನ ಕುರ್ಚಿಯಿಂದಲೇ ನೋಡಿದೆ. ನಾನೂ ಹೋಗಬೇಕಿತ್ತು. ಏಳಲಿಲ್ಲ. ಆ ಕಚೇರಿಯವರ ಕೃಪೆಯಿಂದಲೇ ನನ್ನ ಅಂಗಡಿ ನಡೆಯುವುದು. ಈ ಟೈಪಿನವನು ಸುಳ್ಳುಸೊಟ್ಟು ಬರೆಯುತ್ತಾನೆ ಎಂದು ಹೆಸರು ಬಂದರೆ ನಾಳೆ ಯಾರು ನನ್ನ ಬಾಗಿಲಿಗೆ ಬಂದಾರು ಎಂಬ ಹೆದರಿಕೆ. ಒಂದು ತಾಸಿನ ಮೇಲೆ ಸಾಹೇಬರು ಹೊರಗೆ ಬಂದು ನೇರ ಅಂಗಡಿಗೆ ಬಂದರು.

"ಏನಂದ್ರು ಸಾಹೇಬ್ರ?"

"ಏನಿಲ್ರಿ. ಛಲೋ ಮಂದಿ. ಚಹಾ ಕುಡಿಯೂಣು ಬರ್ರಿ."

ಚಹಾ ಕುಡಿದೆವು. ನನ್ನ ಹೊಸ ಕೀಬೋರ್ಡಿನ ಬಗ್ಗೆ ಕೇಳಿದರು. ಅದರ ಅಕ್ಷರಗಳು ಇನ್ನೂ ಅಳಿಸಿಲ್ಲವಲ್ಲ ಎಂದು ತಮಾಷೆ ಮಾಡಿದರು. ಹೇಳಬೇಕಾದ ಮಾತು ಬಿಟ್ಟು ನಾನು ಚಹಾದ ದುಡ್ಡು ಕೊಟ್ಟೆ.

ಪರವಾನಗಿ ಮುಂದುವರಿಸಲಾಗುವುದಿಲ್ಲ, ಹದಿನೈದು ದಿನದಲ್ಲಿ ದೇಶ ಬಿಡಬೇಕು ಎಂದು ಆದೇಶ ಬಂತು. ಕಾರಣ ಬರೆದಿರಲಿಲ್ಲ. ಕೊಪ್ಪಳಕ್ಕೆ ಓಡಾಡಿದೆವು. ಭಾಗ್ಯನಗರದಲ್ಲಿ ನನ್ನ ಪರಿಚಯದ ವಕೀಲರೊಬ್ಬರಿದ್ದರು; ಕಾಗದ ನೋಡಿ, "ಆರ್ಡರ್ ಆಗಿಬಿಟ್ಟೈತಿ. ಕೆಳಗಿಂದ ವರದಿನ ಹಂಗ ಹೋಗೈತಿ. ಈಗ ಯಾರ ಕೈಯಾಗೂ ಇಲ್ರಿ" ಎಂದರು. ವರದಿ ಎಂದ ಕೂಡಲೇ ನಾನು ನೆಲ ನೋಡಿದೆ. ವಾಪಸು ಬರುವ ಬಸ್ಸಿನಲ್ಲಿ ಸಾಹೇಬರು ಪಕ್ಕದಲ್ಲೇ ಕೂತಿದ್ದರು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರನ್ನು ತೋರಿಸಿ, "ನೋಡ್ರಿ, ಟೈಪ್ ಮಾಡಿದಂಗ ಐತ್ರಿ, ಸಾಲ ಸಾಲ" ಎಂದರು. ಗಂಗಾವತಿ ಬರುವ ತನಕ ನಲವತ್ತೈದು ಕಿಲೋಮೀಟರು ನನಗೆ ಅವಕಾಶವಿತ್ತು. ಹೇಳಲಿಲ್ಲ.

ಉಳಿದ ದಿನಗಳಲ್ಲಿ ದಿನಾಲೂ ಆನೆಗೊಂದಿಗೆ ಹೋದೆ. ಮಾಸ್ತರು ಬೆಳಿಗ್ಗೆಯಿಂದ ಹೇಳುತ್ತಿದ್ದರು. ಅವಸರ ಮಾಡಿದಷ್ಟೂ ಮರೆವು. ಒಂದು ಪದ್ಯದ ನಡುವೆ ನಿಂತು, "ಮುಂದಿಂದು ನಾಲಿಗಿ ತುದಿ ಮ್ಯಾಲ ಐತಿ" ಎಂದು ಅರ್ಧ ತಾಸು ಕಣ್ಣು ಮುಚ್ಚಿ ಕೂತರು. ಸಾಹೇಬರು "ಸಾವಕಾಶ ಹೇಳ್ರಿ" ಎಂದು ಅವರ ಕಾಲ ಬಳಿ ಕೂತಿದ್ದರು. ಕೊನೆಯ ದಿನ ಹೊಸಪೇಟೆಯ ರೈಲಿಗೆ ಕಾರು ಬಂದು ನಿಂತಾಗಲೂ ಮಾಸ್ತರು ಹೇಳುತ್ತಲೇ ಇದ್ದರು. ಅರ್ಧದಷ್ಟು ಪಾತ್ರಗಳು ಇನ್ನೂ ರಂಗಕ್ಕೇ ಬಂದಿರಲಿಲ್ಲ. "ಹೋಗಿ ಬರ್ತೀನ್ರಿ" ಎಂದು ಸಾಹೇಬರು ನಮ್ಮವರ ಹಾಗೆಯೇ ಹೇಳಿ, ಮಾಸ್ತರ ಕಾಲು ಮುಟ್ಟಿದರು. ನನ್ನನ್ನು ತಬ್ಬಿಕೊಂಡರು. ಆಗಲಾದರೂ ಹೇಳಬಹುದಿತ್ತು.

ಅಲ್ಲಿಂದ ರವಿವಾರ ಫೋನು ಮಾಡುತ್ತಿದ್ದರು. ಮಾಸ್ತರು ಫೋನನ್ನು ಕೈ ಉದ್ದ ದೂರ ಹಿಡಿದು, ಫ್ರಾನ್ಸಿನ ತನಕ ಕೇಳಲೆಂದು ಕೂಗುತ್ತಿದ್ದರು. ಮತ್ತೆ ಬರಲು ಸಾಹೇಬರು ಅಲ್ಲಿಂದ ಎರಡು ಸಲ ಅರ್ಜಿ ಹಾಕಿದರು. ಎರಡೂ ಸಲ ಆಗದೆಂದು ಬಂತು. ಆಮೇಲೆ ಆಸ್ಪತ್ರೆ ಎಂದರು. ದನಿ ಸಣ್ಣದಾಯಿತು. ಈ ವರ್ಷ ಫೋನೇ ಇಲ್ಲ. ತಂಗಿಯ ಪತ್ರ ಬಂದ ಮೇಲೆ ಆನೆಗೊಂದಿಗೆ ಹೋಗಿ ಮಾಸ್ತರ ಕಿವಿಯ ಹತ್ತಿರ ಬಾಯಿಟ್ಟು ಸುದ್ದಿ ಹೇಳಿದೆ.

"ಹಂಗಾರ ಉಳದಿದ್ದು ಯಾರಿಗೆ ಹೇಳ್ಲೋ ತಮ್ಮಾ?" ಎಂದರು.

ನನಗೆ ಹೇಳಿ, ನಾನು ಬಡಿಯುತ್ತೇನೆ ಎನ್ನಬಹುದಿತ್ತು. ಬಡಿದ ಮೇಲೆ ಅದನ್ನು ಆಟ ಮಾಡುವವರು ಯಾರು? ಹಾಗೆಂದು ಅವರಿಗೆ ಹೇಳುವುದು ಹೇಗೆ? ಅವರ ಪಕ್ಕ ಕೂತು ಎದ್ದು ಬಂದೆ.

ಮೊನ್ನೆ ಸೋಮವಾರ ಎದುರಿನ ಕಚೇರಿಯ ಗುಮಾಸ್ತರು ಅಂಗಡಿಗೆ ಬಂದರು. ಈಗ ನಿವೃತ್ತರು, ಪಿಂಚಣಿಯ ಕಾಗದ ಝೆರಾಕ್ಸ್ ಮಾಡಿಸಲು ಬಂದಿದ್ದರು. ಮಾತಿಗೆ ಮಾತು ಬಂದು ಸಾಹೇಬರು ಹೋದರು ಎಂದೆ. ಅಯ್ಯೋ ಎಂದು ಕುರ್ಚಿ ಎಳೆದು ಕೂತರು.

"ಅಂಥಾ ಮನುಷ್ಯಾನ್ನ ನಾ ನೋಡಿಲ್ರಿ. ಅವತ್ತ ನಮ್ಮ ಆಫೀಸಿನ ಸಾಹೇಬ್ರು ಆ ಪತ್ರ ಮುಂದಿಟ್ಟು, 'ಇದರಾಗ ನೀವು ಜೂಜು ಆಡಸ್ತೀರಿ ಅಂತ ಬರದೈತಿ, ಇದನ್ನ ಬರದವ್ರು ಯಾರು?' ಅಂತ ಕೇಳಿದ್ರು. ಇವ್ರು ಮೊದಲ ಗಾಬರಿ ಆದ್ರು. ಆಮ್ಯಾಲ ಕಿಡಿಕ್ಯಾಗಿಂದ ಒಮ್ಮೆ ಹೊರಗ ನೋಡಿ, 'ನಾನ ಬರದೀನ್ರಿ' ಅಂದ್ರು."

ನಾನು ಯಂತ್ರದ ಮುಚ್ಚಳ ಎತ್ತಿದವನು ಹಾಗೇ ನಿಂತೆ.

"ಅವ್ರಿಗೆ ಕನ್ನಡ ಬರ್ಯಾಕ ಬರೂದಿಲ್ಲ ಅಂತ ಎಲ್ಲಾರಿಗೂ ಗೊತ್ತಿತ್ರಿ. ನಮ್ಮ ಸಾಹೇಬ್ರು ಒಂದು ಹಾಳಿ ಕೊಟ್ಟು, 'ನೀವ ಬರದಿದ್ರ ಎರಡ ಸಾಲ ಬರದು ತೋರಸ್ರಿ' ಅಂದ್ರು. ಪಾಪ, ಪೆನ್ನು ಹಿಡಕೊಂಡು ಭಾಳ ಹೊತ್ತ ಕುಂತು, 'ಆಟ' ಅಂತ ಎರಡ ಅಕ್ಷರ ಬರದ್ರು, ಸೊಟ್ಟಸೊಟ್ಟ. ಮುಂದ ಬರಲಿಲ್ಲ. 'ಜೂಜಲ್ರಿ, ಆಟ್ರಿ' ಅಂದ್ರು, ಆದ್ರೂ 'ನಾನ ಬರದೀನಿ' ಅನ್ನೂದು ಬಿಡಲಿಲ್ಲ. ನಾನ ಬರದು ಸಹಿ ಮಾಡೀನಿ ಅಂದಮ್ಯಾಲ ನಾವೇನ್ ಮಾಡೂದ್ರಿ? ಹಂಗ ವರದಿ ಹೋತು."

ಅವರು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು. ಏಳುತ್ತ, ಏನೋ ನೆನಪಾದವರಂತೆ ಅಂದರು: "ಬರದವ್ರು ಒಬ್ರು ಬಂದು, ಶಬ್ದ ತಪ್ಪೈತ್ರಿ, ಬಯಲಾಟ ಅನ್ನೂದಿತ್ತು ಅಂದಿದ್ರ, ಅಲ್ಲೇ ತಿದ್ದಿ ಕಳಿಸಿಬಿಡ್ತಿದ್ವಿ. ಎರಡ ನಿಮಿಷದ ಕೆಲಸ. ಯಾರೂ ಬರಲಿಲ್ಲ."

ಗುಮಾಸ್ತರು ರಸ್ತೆ ದಾಟಿ ಎದುರಿನ ಕಚೇರಿಯೊಳಗೆ ಹೋದರು. ಎಣಿಸಿ ನೋಡಿದೆ. ಹದಿನೆಂಟು ಹೆಜ್ಜೆ.